ಹಬ್ಬದ ವೆಚ್ಚವೂ ದೇಶದ ಲೆಕ್ಕವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿದ್ಯೆ, ನಡತೆ, ಆರೋಗ್ಯ ಮೊದಲಾದ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ಹಣದ ಮಾತನ್ನು ಇಲ್ಲಿ ಎತ್ತುವುದು ಯುಕ್ತವೇ ಎಂದು ಕೆಲವು ಪೋಷಕರು ಕೇಳಬಹುದು. ಆದರೆ ಹೆಣ್ಣುಮಕ್ಕಳಿಗೆ ಗಣಿತವನ್ನೂ ಗೃಹವಿಜ್ಞಾನವನ್ನೂ ಕಲಿಸಿದ ಮೇಲೆ, ಅವೆರಡೂ ಒಂದನ್ನೊಂದು ಸಂಧಿಸುವ ಮನೆಯ ಖರ್ಚಿನ ಪುಸ್ತಕವನ್ನು ಕುರಿತು ಮೌನವಾಗಿರುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಆ ಪುಸ್ತಕದಲ್ಲಿ ಅತ್ಯಂತ ಹೆಚ್ಚು ಮಾತನಾಡುವ ಪುಟಗಳು ಹಬ್ಬದ ಪುಟಗಳು. ವರ್ಷವೆಲ್ಲ ನಾವು ಏನನ್ನು ಬಯಸಿದೆವು, ಏನನ್ನು ತಡೆದೆವು, ನಾಳೆಯ ವಿಷಯದಲ್ಲಿ ನಮಗೆ ಎಷ್ಟು ಧೈರ್ಯವಿದೆ ಎಂಬುದೆಲ್ಲ ಆ ಕೆಲವು ವಾರಗಳಲ್ಲಿ ಬಯಲಾಗುವುದು. ಮನೆಯ ವಿಷಯದಲ್ಲಿ ನಿಜವಾದದ್ದು ದೇಶದ ವಿಷಯದಲ್ಲಿಯೂ ನಿಜ. ನಮ್ಮ ದೇಶದ ಒಟ್ಟು ಉತ್ಪನ್ನದಲ್ಲಿ ಐದರಲ್ಲಿ ಸುಮಾರು ಮೂರು ಪಾಲು ಜನರ ಗೃಹಕೃತ್ಯದ ವೆಚ್ಚವೇ ಆಗಿದೆ. ಆದಕಾರಣ ಹಬ್ಬದ ಅಂಗಡಿಯ ಮುಂದೆ ನಿಂತ ಗೃಹಿಣಿಯ ನಿರ್ಧಾರವು ಸಣ್ಣ ಮಾತಲ್ಲ.

ಮೊದಲು ಈ ವೆಚ್ಚವು ಎಷ್ಟರ ಮಟ್ಟಿಗೆ ಒಂದೇ ಕಾಲದಲ್ಲಿ ಗುಂಪುಗೂಡುವುದೆಂಬುದನ್ನು ನೋಡೋಣ. 2024ನೆಯ ಇಸವಿಯಲ್ಲಿ ವಿಜಯದಶಮಿಯೂ ದೀಪಾವಳಿಯೂ ಅಕ್ಟೋಬರ್ ತಿಂಗಳಿನಲ್ಲಿಯೇ ಬಂದವು. ಮೊಬೈಲ್ ಫೋನಿನ ಮೂಲಕ ಹಣ ಸಲ್ಲಿಸುವ ಯುಪಿಐ ಪದ್ಧತಿಯಲ್ಲಿ ಆ ವರ್ಷ ಸೆಪ್ಟೆಂಬರಿನಲ್ಲಿ ನಡೆದ ವ್ಯವಹಾರಗಳು ಸುಮಾರು 1,504 ಕೋಟಿ. ಅಕ್ಟೋಬರಿನಲ್ಲಿ ಸುಮಾರು 1,658 ಕೋಟಿ. ನವೆಂಬರಿನಲ್ಲಿ ಪುನಃ ಸುಮಾರು 1,548 ಕೋಟಿಗೆ ಇಳಿದವು. ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಬಂದಿರುವ ಪದ್ಧತಿಯಲ್ಲಿಯೂ ಹಬ್ಬದ ತಿಂಗಳು ಏರಿಯಂತೆ ಎದ್ದು, ಅದರ ಮುಂದಿನ ತಿಂಗಳು ಇಳಿಜಾರಾಗಿ ಕಾಣುತ್ತದೆ. ಅಮೆರಿಕದಲ್ಲಿಯೂ ಇದೇ ಸ್ಥಿತಿ. ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಸಂಘದವರು ನವೆಂಬರ್, ಡಿಸೆಂಬರ್ ಎರಡು ತಿಂಗಳುಗಳನ್ನು ಪ್ರತ್ಯೇಕವಾಗಿ ಲೆಕ್ಕಿಸುವರು. ವರ್ಷದ ಆರರಲ್ಲಿ ಒಂದು ಪಾಲಾದ ಈ ಅವಧಿಯಲ್ಲಿ ವರ್ಷದ ವ್ಯಾಪಾರದ ಸುಮಾರು ಐದರಲ್ಲಿ ಒಂದು ಪಾಲು ನಡೆಯುವುದು.

ಹೀಗೆ ಗುಂಪುಗೂಡುವುದಕ್ಕೆ ಆಚಾರವೊಂದೇ ಕಾರಣವಲ್ಲ. ವರಮಾನವು ಬರುವ ಕಾಲವೂ ಕಾರಣ. ಮಳೆಗಾಲದ ಬೆಳೆ ಕೈಗೆ ಬರುವ ಕಾಲ ಹತ್ತಿರವಾದಾಗ ಹಳ್ಳಿಯ ಮನೆಗಳಲ್ಲಿ ಧೈರ್ಯ ಮೂಡುವುದು. ಪಟ್ಟಣದ ಕಾರ್ಖಾನೆಯ ನೌಕರರಿಗೆ ಬೋನಸ್ಸು ಬರುವುದೂ ಬಹುಮಟ್ಟಿಗೆ ಈ ಕಾಲದಲ್ಲಿಯೇ. 1965ರ ಬೋನಸ್ ಕಾಯಿದೆಯು ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ಸನ್ನು ಕೊಡಬೇಕೆಂದು ವಿಧಿಸಿತು. ಮಾರ್ಚಿ 31ಕ್ಕೆ ಲೆಕ್ಕ ಮುಗಿದರೆ ನವೆಂಬರ್ 30 ಕೊನೆಯ ದಿನವಾಗುವುದು; ಹಬ್ಬಕ್ಕೆ ಮುಂಚೆ ಕೊಟ್ಟರೆ ಮಾಲೀಕನಿಗೂ ಒಳ್ಳೆಯ ಹೆಸರು. ಕನಿಷ್ಠ ಬೋನಸ್ಸಿನ ಪ್ರಮಾಣ ನೂರಕ್ಕೆ 8.33. ಈ ವಿಚಿತ್ರವಾದ ಸಂಖ್ಯೆಯು ಏಕೆ ಬಂತೆಂದು ನಮ್ಮ ಬಾಲಕಿಯರು ಕೇಳುವುದುಂಟು. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಉತ್ತರ ದೊರೆಯುವುದು: ಅದು ಹದಿಮೂರನೆಯ ತಿಂಗಳ ಸಂಬಳವೆಂದೇ ಹೇಳಬಹುದು. ಹೊಸ ವೇತನ ಸಂಹಿತೆಯಲ್ಲಿಯೂ ಈ ಪ್ರಮಾಣವನ್ನೇ ಉಳಿಸಿಕೊಂಡಿದ್ದಾರೆ. ಹೀಗೆ ಒಮ್ಮೆಲೇ ಬಂದ ಹಣವನ್ನು ಮನಸ್ಸು ದಿನನಿತ್ಯದ ಹಣದಂತೆ ಕಾಣುವುದಿಲ್ಲ. ತಿಂಗಳ ಸಂಬಳದಿಂದ ಅಕ್ಕಿ, ಬೇಳೆ, ಬಾಡಿಗೆ. ಬೋನಸ್ಸಿನಿಂದ ಸೀರೆ, ಪಾತ್ರೆ, ಹೊಲಿಗೆಯ ಯಂತ್ರ. ರೂಪಾಯಿ ಒಂದೇ ಆದರೂ ಅದು ಬಂದ ದಾರಿಯನ್ನು ನೋಡಿ ನಾವು ಅದನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತೇವೆ.

ಮತ್ತೊಂದು ಕಾರಣವು ಕಾಯುವಿಕೆ. ಹಬ್ಬದಲ್ಲಿ ಕೊಂಡದ್ದೆಲ್ಲ ಹಬ್ಬಕ್ಕಾಗಿಯೇ ಕೊಂಡದ್ದಲ್ಲ. ಆರು ತಿಂಗಳಿನಿಂದ ಮುಂದೂಡಿದ್ದನ್ನು ಹಬ್ಬದ ನೆಪದಲ್ಲಿ ಕೊಳ್ಳುವೆವು. 2025ರಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಸರಕು ಮತ್ತು ಸೇವಾ ತೆರಿಗೆಯನ್ನು ಇಳಿಸುವುದಾಗಿ ಆಗಸ್ಟ್ 15ರಂದು ಘೋಷಣೆಯಾಯಿತು. ಹೊಸ ದರಗಳು ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ನೂರಕ್ಕೆ 12, ನೂರಕ್ಕೆ 28 ಎಂಬ ಮೆಟ್ಟಲುಗಳು ಹೋಗಿ ಬಹುತೇಕ ಸಾಮಾನುಗಳು 5 ಅಥವಾ 18ರ ಮೆಟ್ಟಲಿಗೆ ಬಂದವು. ಸಣ್ಣ ಕಾರಿನ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಈ ಎರಡು ದಿನಾಂಕಗಳ ನಡುವಣ ವಾರಗಳಲ್ಲಿ ವಾಹನವನ್ನೋ ದೂರದರ್ಶನ ಯಂತ್ರವನ್ನೋ ಕೊಳ್ಳಬೇಕೆಂದಿದ್ದವರು ಕೈ ಬಿಗಿಹಿಡಿದು ಕಾದರು; ನವರಾತ್ರಿ ಬಂದೊಡನೆ ಅಂಗಡಿಗಳು ತುಂಬಿದವು. ನವರಾತ್ರಿಯ ಸಂದಣಿಯನ್ನಷ್ಟೇ ನೋಡಿದವನು ದೇಶವು ಒಮ್ಮೆಲೇ ಸಿರಿವಂತವಾಯಿತೆಂದು ತಿಳಿಯಬಹುದು. ಅದಕ್ಕೆ ಮುಂಚಿನ ನಿಶ್ಶಬ್ದವನ್ನೂ ಕೂಡಿಸಿ ನೋಡಿದವನಿಗೆ ನಿಜವು ತಿಳಿಯುವುದು.

ಇನ್ನು ಹಬ್ಬವು ಬೆಲೆಗಳಿಗೆ ಏನು ಮಾಡುವುದೆಂಬುದನ್ನು ವಿಚಾರಿಸೋಣ. ಇದಕ್ಕೆ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗಿಂತ ಉತ್ತಮವಾದ ಪಾಠಶಾಲೆಯಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ, ಮಲ್ಲಿಗೆಗಳ ಬೆಲೆಯು ಹಲವು ಪಟ್ಟು ಏರುವುದನ್ನು ಎಲ್ಲರೂ ಬಲ್ಲರು. ವ್ಯಾಪಾರಿಯ ದುರಾಶೆಯೇ ಇದಕ್ಕೆ ಕಾರಣವೆಂದು ನಾವು ಬೈಯುವುದು ಸುಲಭ. ಆದರೆ ದುರಾಶೆಯೊಂದೇ ಬೆಲೆಯನ್ನು ಏರಿಸಬಲ್ಲದಾದರೆ ಅದು ಪ್ರತಿದಿನವೂ ಏರಬೇಕಾಗಿತ್ತು. ನಿಜವಾದ ಕಾರಣವೇನೆಂದರೆ, ಹೂವನ್ನು ಕೂಡಿಡಲಾಗದು. ಗಿಡವು ಹಬ್ಬಕ್ಕಾಗಿ ಎರಡು ಪಟ್ಟು ಅರಳುವುದಿಲ್ಲ. ಕೊಳ್ಳುವವರಾದರೋ ಲಕ್ಷಾಂತರ ಮಂದಿ ಒಂದೇ ಬೆಳಗ್ಗೆ ಬರುವರು. ಮರುದಿನ ಬಂದರೆ ಅವರಿಗೆ ಪ್ರಯೋಜನವಿಲ್ಲ. ಕೊಡುವವನ ಕೈ ಕಟ್ಟಿದೆ, ಕೊಳ್ಳುವವಳ ಕೈಯೂ ಕಟ್ಟಿದೆ. ಉಳಿದಿರುವುದು ಬೆಲೆಯೊಂದೇ, ಅದು ಏರುತ್ತದೆ. ಆಯುಧಪೂಜೆಯ ಮರುದಿನ ಅದೇ ಮಾರುಕಟ್ಟೆಯಲ್ಲಿ ಮಾರಾಟವಾಗದ ಚೆಂಡುಹೂವಿನ ರಾಶಿಗಳು ಕಸವಾಗಿ ಬಿದ್ದಿರುವುದನ್ನೂ ನೋಡಬಹುದು. ನಿನ್ನೆಯ ಹೆಚ್ಚಿನ ಬೆಲೆಯಲ್ಲಿ ಈ ರಾಶಿಯ ನಷ್ಟವೂ ಒಂದಂಶವಾಗಿ ಸೇರಿತ್ತು.

ಬಟ್ಟೆಯ ವಿಷಯವು ಇದಕ್ಕೆ ವಿರುದ್ಧ. ಬಟ್ಟೆಯನ್ನು ಮುಂಚಿತವಾಗಿ ನೇಯ್ದು, ಮಡಿಸಿ, ಉಗ್ರಾಣದಲ್ಲಿ ಇಡಬಹುದು. ಹಬ್ಬವು ಬರುವುದೆಂದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲ ವ್ಯಾಪಾರಿಗಳೂ ಮುಂಚಿತವಾಗಿ ತರಿಸುವರು. ತರಿಸಿದ್ದನ್ನು ಹಬ್ಬದೊಳಗೆ ಮಾರಬೇಕೆಂದು ಪೈಪೋಟಿ ನಡೆಸುವರು. ಆದಕಾರಣ ಜನಸಂದಣಿ ಅತ್ಯಧಿಕವಾಗಿರುವ ಕಾಲದಲ್ಲಿಯೇ ಬಟ್ಟೆಗೆ ರಿಯಾಯಿತಿ, ಹೂವಿಗೆ ದುಬಾರಿ! ಬೇಡಿಕೆ ಹೆಚ್ಚಿದರೆ ಬೆಲೆ ಹೆಚ್ಚುವುದೆಂದು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿದ ಹುಡುಗಿಗೆ ಈ ಎರಡು ಅಂಗಡಿಗಳನ್ನು ಅಕ್ಕಪಕ್ಕದಲ್ಲಿ ತೋರಿಸಿದರೆ, ಪೂರೈಕೆಯ ಕಡೆಯನ್ನೂ ನೋಡಬೇಕೆಂಬ ಬುದ್ಧಿ ತಾನಾಗಿಯೇ ಬರುವುದು.

ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಬ್ಯಾಂಕಿನ ಗುಮಾಸ್ತರ ಮಗಳೂ, ದರ್ಜಿಯ ಮಗಳೂ, ಹೂ ಮಾರುವ ತಾಯಿಯ ಮಗಳೂ ಕುಳಿತಿರುವರು. ಹಬ್ಬವು ಮೊದಲನೆಯವಳ ಮನೆಗೆ ವೆಚ್ಚದ ಕಾಲ. ಉಳಿದಿಬ್ಬರ ಮನೆಗೆ ಸಂಪಾದನೆಯ ಕಾಲ. ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಕಡೆಯುವವರು, ಗಣೇಶನ ವಿಗ್ರಹಗಳನ್ನು ಮಾಡುವವರು, ಇಳಕಲ್ಲಿನ ಮಗ್ಗದ ಮನೆಗಳವರು, ಕ್ರಿಸ್ಮಸ್ಸಿಗೆ ಕೇಕು ಬೇಯಿಸುವ ಸಣ್ಣ ಬೇಕರಿಯವರು, ಇವರೆಲ್ಲರಿಗೂ ವರ್ಷದ ಅನ್ನವು ಬಹುಮಟ್ಟಿಗೆ ಕೆಲವೇ ವಾರಗಳ ಮೇಲೆ ನಿಂತಿದೆ. ಮಾರಾಟವು ಕೆಲವೇ ವಾರಗಳದಾದರೂ ಕೆಲಸವು ತಿಂಗಳುಗಟ್ಟಲೆಯದು. ಮಣ್ಣು, ಮರ, ಅರಗು, ನೂಲು ಎಲ್ಲವನ್ನೂ ಮೊದಲೇ ಕೊಳ್ಳಬೇಕು. ಅದಕ್ಕೆ ಸಾಲ ತರಬೇಕು. ಹಬ್ಬದ ಮಾರಾಟದಿಂದ ಸಾಲ ತೀರಬೇಕು. ಮಳೆಯೋ ರೋಗವೋ ಆ ವಾರಗಳನ್ನು ಕಸಿದುಕೊಂಡರೆ ಅದನ್ನು ಮುಂದಿನ ತಿಂಗಳು ತುಂಬಿಕೊಳ್ಳಲಾಗದು. 2020ರಲ್ಲಿ ದೇಶವನ್ನೆಲ್ಲ ಮುಚ್ಚಿದ ಮೊದಲ ದಿನವಾದ ಮಾರ್ಚಿ 25 ಯುಗಾದಿಯ ದಿನವೇ ಆಗಿತ್ತು. ಬೆಳೆದ ಹೂವು ಹೊಲದಲ್ಲಿಯೇ ಬಾಡಿತು. ರೈತರು ಅದನ್ನು ಕಿತ್ತು ತಿಪ್ಪೆಗೆ ಹಾಕಬೇಕಾಯಿತು. ಬಟ್ಟೆಯ ಅಂಗಡಿಯವನು ತನ್ನ ಸರಕನ್ನು ಮುಂದಿನ ಹಬ್ಬದವರೆಗೆ ಇಟ್ಟುಕೊಂಡಾನು. ಹೂವಿನವನಿಗೆ ಆ ಉಪಾಯವಿಲ್ಲ. ಒಬ್ಬರ ದುಂದು ಮತ್ತೊಬ್ಬರ ಅನ್ನವೆಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಹಬ್ಬದ ಖರ್ಚೆಲ್ಲವೂ ವ್ಯರ್ಥವೆಂದು ಉಪದೇಶಿಸುವವರು ಈ ಮನೆಗಳನ್ನು ಮರೆಯಬಾರದು.

ಹಬ್ಬದ ವೆಚ್ಚವನ್ನು ನೋಡಿ ಜನರ ಸ್ಥಿತಿಯನ್ನು ಅರಿಯುವುದು ಹೇಗೆ? ಜರ್ಮನಿಯ ಅಂಕಿಅಂಶ ಶಾಸ್ತ್ರಜ್ಞರಾದ ಎರ್ನ್ಸ್ಟ್ ಎಂಗೆಲ್ ಎಂಬವರು 1857ರಲ್ಲಿ ಒಂದು ನಿಯಮವನ್ನು ಕಂಡುಹಿಡಿದರು. ಮನೆಯ ವರಮಾನವು ಹೆಚ್ಚಿದಂತೆಲ್ಲ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಕಡಿಮೆಯಾಗುತ್ತ ಬರುವುದೆಂಬುದೇ ಆ ನಿಯಮ. ನಮ್ಮ ದೇಶದ ಸರಕಾರದ ಸಮೀಕ್ಷೆಯೂ ಇದನ್ನೇ ತೋರಿಸುತ್ತದೆ. 1999-2000ರಲ್ಲಿ ಹಳ್ಳಿಯ ಮನೆಯ ವೆಚ್ಚದಲ್ಲಿ ನೂರಕ್ಕೆ 59ರಷ್ಟು ಆಹಾರಕ್ಕೆ ಹೋಗುತ್ತಿತ್ತು. 2022-23ರಲ್ಲಿ ಅದು 46ಕ್ಕೆ ಇಳಿದಿತ್ತು. ಪಟ್ಟಣದಲ್ಲಿ ಅದೇ ಅವಧಿಯಲ್ಲಿ 48ರಿಂದ 39ಕ್ಕೆ ಇಳಿಯಿತು. ಆಹಾರಕ್ಕೆ ಹೋಗಿ ಮಿಕ್ಕ ಹಣವೇ ಹಬ್ಬದ ಅಂಗಡಿಗೆ ಬರುವ ಹಣ. ಆದುದರಿಂದ ಅರ್ಥಶಾಸ್ತ್ರಜ್ಞರು ಒಟ್ಟು ಎಷ್ಟು ಮಾರಾಟವಾಯಿತೆಂಬುದನ್ನು ಮಾತ್ರ ಕೇಳುವುದಿಲ್ಲ. ಏನು ಮಾರಾಟವಾಯಿತು ಎಂದು ಕೇಳುವರು. ದೊಡ್ಡ ಕಾರುಗಳು ಮಾರಾಟವಾಗಿ ದ್ವಿಚಕ್ರ ವಾಹನಗಳು ಮಾರಾಟವಾಗದೆ ಉಳಿದರೆ, ಮೇಲಿನವರು ಚೆನ್ನಾಗಿದ್ದಾರೆ, ಕೆಳಗಿನವರು ಅಂಜುತ್ತಿದ್ದಾರೆ ಎಂದು ಅರ್ಥ. ಬಿಸ್ಕತ್ತಿನ ದೊಡ್ಡ ಪೊಟ್ಟಣಕ್ಕೆ ಬದಲಾಗಿ ಐದು ರೂಪಾಯಿಯ ಪೊಟ್ಟಣವೇ ಹೆಚ್ಚು ಹೋದರೆ, ಕೊಳ್ಳುವ ಆಶೆಯಿದೆ, ಕೈಯಲ್ಲಿ ಹಣವಿಲ್ಲ ಎಂದು ಅರ್ಥ. ಮೊತ್ತವೊಂದೇ ಇದ್ದರೂ ಅದರೊಳಗಣ ಕಥೆ ಬೇರೆ ಬೇರೆ.

ಮೊತ್ತವನ್ನು ಓದುವಾಗ ಪಂಚಾಂಗವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಕ್ರಿಸ್ಮಸ್ಸು ಪ್ರತಿ ವರ್ಷವೂ ಡಿಸೆಂಬರ್ 25ಕ್ಕೇ ಬರುವುದು. ದೀಪಾವಳಿಯಾದರೋ 2022ರಲ್ಲಿ ಅಕ್ಟೋಬರ್ 24ಕ್ಕೂ 2023ರಲ್ಲಿ ನವೆಂಬರ್ 12ಕ್ಕೂ ಬಂತು. ರಂಜಾನ್ ಮಾಸವು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುವುದು. ಹಬ್ಬದ ತಿಂಗಳಲ್ಲಿ ಅಂಗಡಿಗಳು ತುಂಬಿದರೂ ಕಾರ್ಖಾನೆಗಳು ರಜೆಯ ನಿಮಿತ್ತ ಮುಚ್ಚಿರುತ್ತವೆ. 2022ರ ಅಕ್ಟೋಬರಿನಲ್ಲಿ ದೇಶದ ಕೈಗಾರಿಕಾ ಉತ್ಪಾದನೆಯು ಹಿಂದಿನ ವರ್ಷದ ಅಕ್ಟೋಬರಿಗಿಂತ ನೂರಕ್ಕೆ ಸುಮಾರು 4ರಷ್ಟು ಕುಗ್ಗಿತ್ತು. 2023ರ ಅಕ್ಟೋಬರಿನಲ್ಲಿ ದೀಪಾವಳಿ ಇರಲಿಲ್ಲ. ಆ ತಿಂಗಳ ಬೆಳವಣಿಗೆ ನೂರಕ್ಕೆ 11ನ್ನೂ ಮೀರಿತು. ದೀಪಾವಳಿಯ ನವೆಂಬರಿನಲ್ಲಿ ಮತ್ತೆ ಎರಡೂವರೆಯ ಆಸುಪಾಸಿಗೆ ಇಳಿಯಿತು. ದೇಶವು ಒಂದು ತಿಂಗಳಲ್ಲಿ ಏಳಿಗೆಯಾಗಿ ಮುಂದಿನ ತಿಂಗಳಲ್ಲಿ ಕುಸಿಯಿತೆಂದು ಇದರಿಂದ ತಿಳಿಯಬಾರದು. ಹಬ್ಬವು ಮನೆ ಬದಲಾಯಿಸಿತು, ಅಷ್ಟೇ. ಎರಡು ತಿಂಗಳನ್ನು ಕೂಡಿಸಿ ಹಿಂದಿನ ವರ್ಷದ ಅದೇ ಎರಡು ತಿಂಗಳೊಡನೆ ಹೋಲಿಸುವುದು ಕ್ಷೇಮ. ವರ್ತಮಾನ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳನ್ನು ನೋಡಿ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಮುಂಚೆ ನಮ್ಮ ಬಾಲಕಿಯರು ಈ ಪ್ರಶ್ನೆಯನ್ನು ಕೇಳಲು ಕಲಿಯಬೇಕು.

ಹಬ್ಬದ ದಿನವನ್ನೇ ಸರಿಸಿದರೆ ವ್ಯಾಪಾರವು ಹೆಚ್ಚುವುದೇ? ಅಮೆರಿಕದಲ್ಲಿ ಇದನ್ನು ನಿಜವಾಗಿಯೂ ಪರೀಕ್ಷಿಸಿದರು. ಅಲ್ಲಿ ಕ್ರಿಸ್ಮಸ್ಸಿನ ಕೊಳ್ಳುವಿಕೆಯು ನವೆಂಬರಿನ ಕೃತಜ್ಞತಾಸ್ತುತಿಯ ಹಬ್ಬದ ನಂತರ ಮೊದಲಾಗುವುದು. 1939ರಲ್ಲಿ ಆ ಹಬ್ಬವು ನವೆಂಬರ್ 30ಕ್ಕೆ ಬರುವುದಾಗಿತ್ತು. ವ್ಯಾಪಾರಿಗಳ ಬೇಡಿಕೆಯಂತೆ ಅಧ್ಯಕ್ಷ ರೂಸ್‌ವೆಲ್ಟರು ಅದನ್ನು ಒಂದು ವಾರ ಮುಂಚೆ, 23ಕ್ಕೆ ತಂದರು. ಸುಮಾರು ಅರ್ಧದಷ್ಟು ಸಂಸ್ಥಾನಗಳು ಒಪ್ಪಿದವು, ಉಳಿದವು ಒಪ್ಪಲಿಲ್ಲ. ನೆಂಟರು ಒಂದು ಊರಿನಲ್ಲಿ ಹಬ್ಬ ಮುಗಿಸಿದ್ದರೆ ಮತ್ತೊಂದು ಊರಿನಲ್ಲಿ ಇನ್ನೂ ಬಂದಿರಲಿಲ್ಲ. ನಿರೀಕ್ಷಿಸಿದಷ್ಟು ವ್ಯಾಪಾರವೇನೂ ಹೆಚ್ಚಲಿಲ್ಲವೆಂದು ಅಧ್ಯಕ್ಷರೇ 1941ರಲ್ಲಿ ಒಪ್ಪಿದರು. ಆ ವರ್ಷದ ಕಾನೂನಿನಿಂದ ನವೆಂಬರಿನ ನಾಲ್ಕನೆಯ ಗುರುವಾರವು ಸ್ಥಿರವಾಯಿತು. ಚೀಲದಲ್ಲಿರುವ ಹಣವೇ ವೆಚ್ಚದ ಮೇರೆಯೆಂಬುದಕ್ಕೆ ಇದೊಂದು ದೃಷ್ಟಾಂತ.

ಉಡುಗೊರೆಗಳ ವಿಷಯದಲ್ಲಿ ಒಂದು ಮಾತು. ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು ಕ್ರಿಸ್ಮಸ್ ಉಡುಗೊರೆಗಳನ್ನು ಪಡೆದ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ 1993ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಡೆದವರು ಆ ವಸ್ತುವಿಗೆ ಕಟ್ಟುವ ಬೆಲೆಯು ಕೊಟ್ಟವರು ತೆತ್ತ ಬೆಲೆಗಿಂತ ಹತ್ತರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ಕಡಿಮೆಯೆಂದು ಅವರು ಕಂಡರು. ಆಪ್ತ ಸ್ನೇಹಿತರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ. ದೂರದ ಬಂಧುಗಳು ಕೊಟ್ಟದ್ದರಲ್ಲಿ ಹೆಚ್ಚು. ಪ್ರೀತಿಗೆ ಬೆಲೆ ಕಟ್ಟಲಾಗದೆಂಬ ಆಕ್ಷೇಪಣೆ ಸರಿಯೇ. ಆದರೂ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕುಳಿತಿರುವ ಸೀರೆಗಳನ್ನೂ, ಒಂದು ಮದುವೆಯಿಂದ ಮತ್ತೊಂದು ಮದುವೆಗೆ ಸಂಚರಿಸುವ ಉಡುಗೊರೆಯ ಪೆಟ್ಟಿಗೆಗಳನ್ನೂ ಬಲ್ಲ ನಮ್ಮ ಗೃಹಿಣಿಯರು ಈ ಪಂಡಿತರನ್ನು ನೋಡಿ ನಗಲಾರರು. ಪಡೆಯುವವರನ್ನು ಅರಿತು ಕೊಟ್ಟದ್ದು ಮಾತ್ರ ಪೂರ್ತಿಯಾಗಿ ತಲಪುವುದು.

ಈಗ ನಮಗೆ ಹೆಚ್ಚು ಕಳವಳವನ್ನು ಉಂಟುಮಾಡುವ ವಿಷಯಕ್ಕೆ ಬರುವೆವು. ಹಬ್ಬದ ವೆಚ್ಚವು ಕೂಡಿಟ್ಟ ಹಣದಿಂದ ನಡೆಯಿತೋ ಸಾಲದಿಂದ ನಡೆಯಿತೋ ಎಂಬುದೇ ಅದು. ಅಂಗಡಿಯಲ್ಲಿ ಎರಡೂ ಒಂದೇ ರೀತಿ ಕಾಣುವುವು. ವ್ಯತ್ಯಾಸವು ತಿಳಿಯುವುದು ಜನವರಿಯಲ್ಲಿ. ಕಂತಿನ ಮೇಲೆ, ಬಡ್ಡಿಯಿಲ್ಲದೆ, ಎಂಬ ಪ್ರಕಟಣೆಯನ್ನು ಎಲ್ಲೆಡೆಯೂ ನೋಡುತ್ತೇವೆ. ಬಡ್ಡಿಯಿಲ್ಲದ ಸಾಲವೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತು. ಒಂದು ಲೆಕ್ಕವನ್ನು ಮಾಡೋಣ. ಒಂದು ಯಂತ್ರದ ಬೆಲೆ 24,000 ರೂಪಾಯಿ, ತಿಂಗಳಿಗೆ 2,000ದಂತೆ ಹನ್ನೆರಡು ಕಂತು, ಬಡ್ಡಿಯಿಲ್ಲ. ಆದರೆ ಅದೇ ಯಂತ್ರವನ್ನು ನಗದಾಗಿ ಕೊಂಡರೆ 22,000ಕ್ಕೆ ಕೊಡುತ್ತಾನೆ. ಹಾಗಾದರೆ ನಾವು ಪಡೆದ ಸಾಲ 22,000, ಹಿಂದಿರುಗಿಸಿದ್ದು 24,000. ಈ 2,000ವು ಬಡ್ಡಿಯಲ್ಲದೆ ಮತ್ತೇನು? ಪ್ರತಿ ತಿಂಗಳೂ ಅಸಲು ತೀರುತ್ತ ಬರುವುದರಿಂದ, ಸರಿಯಾಗಿ ಲೆಕ್ಕಿಸಿದರೆ ಇದು ವರ್ಷಕ್ಕೆ ನೂರಕ್ಕೆ ಸುಮಾರು 16ರ ಬಡ್ಡಿಯಾಗುವುದು. ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಹೊಲಿಗೆಯ ಯಂತ್ರವು ತಿಂಗಳಿಗೆ ಅಷ್ಟನ್ನು ಗಳಿಸಿಕೊಡುವುದಾದರೆ ಸಾಲವೂ ಸರಿ. ನಗದು ಬೆಲೆ ಎಷ್ಟು ಎಂಬ ಒಂದು ಪ್ರಶ್ನೆಯನ್ನು ಕೇಳದೆ ಕೊಳ್ಳಬೇಡಿರೆಂದು ಮಾತ್ರ ಹೇಳುತ್ತೇವೆ.

ಉಳಿತಾಯದ ಕಡೆಯ ಚಿತ್ರವೂ ಯೋಚಿಸತಕ್ಕದ್ದಾಗಿದೆ. ದೇಶದ ಮನೆಗಳ ಆರ್ಥಿಕ ಉಳಿತಾಯವು, ಸಾಲವನ್ನು ಕಳೆದು, 2020-21ರಲ್ಲಿ ದೇಶದ ಉತ್ಪನ್ನದ ನೂರಕ್ಕೆ 11ನ್ನು ಮೀರಿತ್ತು. ಆಗ ಅಂಗಡಿಗಳೇ ಮುಚ್ಚಿದ್ದವು. 2022-23ರಲ್ಲಿ ಅದು ಸುಮಾರು 5ಕ್ಕೆ ಇಳಿಯಿತು. ಇದರಲ್ಲಿ ಒಂದು ಭಾಗವು ಮನೆ, ನಿವೇಶನಗಳನ್ನು ಕೊಳ್ಳಲು ತಂದ ಸಾಲದಿಂದ ಆದದ್ದು. ಆದರೂ ಕಷ್ಟಕಾಲಕ್ಕೆ ಕೈಯಲ್ಲಿರುವ ಹಣ ಕಡಿಮೆಯಾಯಿತೆಂಬುದು ನಿಜ. ಹಬ್ಬಕ್ಕೆಂದು ತಿಂಗಳು ತಿಂಗಳು ಚೀಟಿ ಕಟ್ಟುವ ಪದ್ಧತಿ ನಮ್ಮಲ್ಲಿ ಹಳೆಯದು. ಅದರ ಉದ್ದೇಶವು ಶ್ಲಾಘ್ಯ. ಆದರೆ ಹಣವನ್ನು ಯಾರ ಕೈಯಲ್ಲಿ ಇಡುತ್ತೇವೆಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ಸಿಗಾಗಿ ವರ್ಷವಿಡೀ ಹಣ ಕಟ್ಟಿಸಿಕೊಳ್ಳುತ್ತಿದ್ದ ಫೇರ್‌ಪ್ಯಾಕ್ ಎಂಬ ಸಂಸ್ಥೆಯು 2006ರ ಅಕ್ಟೋಬರಿನಲ್ಲಿ ಮುಳುಗಿತು. ಹಣ ಕಳೆದುಕೊಂಡವರು ಲಕ್ಷಕ್ಕೂ ಹೆಚ್ಚು. ಬಹುಮಂದಿ ಬಡ ತಾಯಂದಿರು. ನಮ್ಮಲ್ಲಿ 1982ರ ಚೀಟಿ ನಿಧಿಗಳ ಕಾಯಿದೆಯ ಪ್ರಕಾರ ಚೀಟಿಯನ್ನು ನೋಂದಾಯಿಸತಕ್ಕದ್ದು. ನೋಂದಣಿಯಿಲ್ಲದ ಚೀಟಿಗೆ ನೆರೆಮನೆಯ ನಂಬಿಕೆಯೊಂದೇ ಆಧಾರ. ಅಂಚೆ ಕಚೇರಿಯ ಆವರ್ತ ಠೇವಣಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೇ ಪ್ರಾರಂಭಿಸಬಹುದು. ಅಲ್ಲಿ ಬಡ್ಡಿಯೂ ಉಂಟು, ನಿದ್ದೆಯೂ ಉಂಟು.

ಇದೆಲ್ಲವನ್ನು ಶಾಲೆಯವರಾದ ನಾವು ಏಕೆ ಹೇಳುತ್ತಿದ್ದೇವೆ? ದಸರಾ ರಜೆಯ ನಂತರ ಶುಲ್ಕದ ಎರಡನೆಯ ಕಂತಿಗೆ ಅವಧಿ ಬೇಡುವ ಪತ್ರಗಳು ಹೆಚ್ಚುವುದನ್ನು ಬಹಳ ವರ್ಷಗಳಿಂದ ನಾವು ನೋಡುತ್ತ ಬಂದಿದ್ದೇವೆ. ಅವಧಿಯನ್ನು ಕೊಡುತ್ತಲೂ ಬಂದಿದ್ದೇವೆ. ಆದರೆ ಹಬ್ಬದ ಸಾಲವು ಮನೆಯನ್ನು ಬಿಗಿದಾಗ ಮೊದಲು ಕತ್ತರಿ ಬೀಳುವುದು ಯಾವ ವೆಚ್ಚಕ್ಕೆ? ಮಗನ ಟ್ಯೂಷನ್ನಿಗಲ್ಲ, ಫೋನಿನ ಕಂತಿಗಲ್ಲ. ಮಗಳು ಒಂದು ವರ್ಷ ಮನೆಯಲ್ಲಿರಲಿ ಎಂಬ ಮಾತು ಹಾಗೆಯೇ ಹುಟ್ಟುವುದು. ಆ ಒಂದು ವರ್ಷವು ಅನೇಕ ಸಲ ಕೊನೆಯ ವರ್ಷವಾಗಿಬಿಡುವುದು. ಬುದ್ಧಿವಂತೆಯಾದ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವಾಗ ಆಗುವ ದುಃಖವನ್ನು ಶಿಕ್ಷಕಿಯರೇ ಬಲ್ಲರು.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಯರಲ್ಲಿಯೂ ಮೂರು ವಿಷಯಗಳನ್ನು ವಿನಂತಿಸುತ್ತೇವೆ. ಹಬ್ಬಕ್ಕೆ ಮುಂಚೆ ಮಕ್ಕಳನ್ನೂ ಕೂಡಿಸಿಕೊಂಡು, ಈ ಸಲ ಇಷ್ಟು ಎಂದು ಒಂದು ಮೊತ್ತವನ್ನು ಬರೆದಿಡಿರಿ. ಲೆಕ್ಕವನ್ನು ಮಗಳ ಕೈಯಿಂದಲೇ ಬರೆಯಿಸಿರಿ. ಎರಡನೆಯದಾಗಿ, ಆ ಮೊತ್ತದ ಮೇಲ್ಗಡೆ, ಸೀರೆಗೂ ಸಿಹಿತಿಂಡಿಗೂ ಮುಂಚೆ, ಶಾಲೆಯ ಶುಲ್ಕವನ್ನು ತೆಗೆದಿಡಿರಿ. ಮೂರನೆಯದಾಗಿ, ಮಿಕ್ಕ ಹಣವನ್ನು ಸಾಧ್ಯವಾದಷ್ಟು ಕೈಕೆಲಸದವರಿಂದ, ಹಬ್ಬದ ಸಂದಣಿಗೆ ಒಂದೆರಡು ವಾರ ಮುಂಚಿತವಾಗಿ ಕೊಳ್ಳಿರಿ. ನಿಮಗೆ ಬೆಲೆ ಸುಲಭವಾಗುವುದು. ದರ್ಜಿಗೆ ರಾತ್ರಿಯ ನಿದ್ದೆ ಉಳಿಯುವುದು. ಗೊಂಬೆ ಮಾಡುವವನಿಗೆ ಸಾಲದ ಬಡ್ಡಿ ಒಂದು ತಿಂಗಳಾದರೂ ತಪ್ಪುವುದು.

ಹಬ್ಬವು ಸಂತೋಷಕ್ಕಾಗಿ ಇರುವಂಥದು; ಅದನ್ನು ಕಸಿದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಹಬ್ಬದ ಮರುದಿನವೂ ಆ ಸಂತೋಷವು ಮನೆಯಲ್ಲಿ ಉಳಿಯಲಿ, ಜೂನ್ ತಿಂಗಳಲ್ಲಿ ಪ್ರತಿಯೊಬ್ಬ ಹುಡುಗಿಯೂ ತನ್ನ ಬೆಂಚಿಗೆ ಹಿಂದಿರುಗಲಿ ಎಂಬುದೇ ನಮ್ಮ ಹಾರೈಕೆ.